ಓದುಗರ ಪ್ರಶ್ನೆ: ಅಮೆರಿಕದ ಲಾ ಸ್ಕೂಲಿನ ‘ಆನರ್ಸ್’ಗೆ ನಿಜವಾದ ಬೆಲೆ ಎಷ್ಟು?

ಅಮೆರಿಕದಲ್ಲಿ ಕಾನೂನು ಓದುತ್ತಿರುವವರು, ಓದಲು ಹೊರಟವರು, ಅವರ ತಂದೆತಾಯಿ ಕಳಿಸಿದ ಪತ್ರಗಳಲ್ಲಿ ಹೆಚ್ಚಿನವು ಈ ಸಲ ಒಂದೇ ವಿಷಯದ ಸುತ್ತ ಇವೆ: ಪದವಿಯ ಜೊತೆ ಬರುವ ಗೌರವಗಳು. ಒಂದೇ ಉತ್ತರ ಸಾಕಾಗುವ ಪತ್ರಗಳನ್ನು ಸೇರಿಸಿ, ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇವೆ.

ಮಗಳು ಜೆ.ಡಿ. (ಅಲ್ಲಿನ ಮೂರು ವರ್ಷದ ಕಾನೂನು ಪದವಿ) ಮೊದಲ ವರ್ಷದಲ್ಲಿದ್ದಾಳೆ. ‘ಕುಮ್ ಲೌಡೆ’ ಬರದಿದ್ದರೆ ಓದಿದ್ದೆಲ್ಲ ವ್ಯರ್ಥ ಎಂದು ಕೊರಗುತ್ತಾಳೆ. ಅದಕ್ಕೆ ಅಷ್ಟು ಬೆಲೆ ಇದೆಯೇ?

ಬೆಲೆ ಇದೆ, ಆದರೆ ಅವಳು ಅಂದುಕೊಂಡ ಹೊತ್ತಿನಲ್ಲಿ ಅಲ್ಲ. ಕುಮ್ ಲೌಡೆ ಎಂದರೆ ಲ್ಯಾಟಿನ್‌ನಲ್ಲಿ ‘ಪ್ರಶಂಸೆಯೊಂದಿಗೆ’. ಅದರ ಮೇಲೆ ಮ್ಯಾಗ್ನಾ, ಎಲ್ಲಕ್ಕೂ ಮೇಲೆ ಸುಮ್ಮಾ. ಮೂರು ವರ್ಷದ ಗ್ರೇಡುಗಳನ್ನೆಲ್ಲ ಕೂಡಿಸಿ, ಪದವಿ ಕೊಡುವಾಗ ಇದನ್ನು ಘೋಷಿಸುತ್ತಾರೆ. ದೊಡ್ಡ ಫರ್ಮ್‌ಗಳ (ವಕೀಲರ ಸಂಸ್ಥೆಗಳ) ನೇಮಕಾತಿ ಅಲ್ಲಿಯವರೆಗೆ ಕಾದು ಕೂರುವುದಿಲ್ಲ. ಎರಡನೇ ವರ್ಷದ ನಂತರದ ಬೇಸಿಗೆಯಲ್ಲಿ ಕೆಲಸ ಮಾಡುವ ‘ಸಮ್ಮರ್ ಅಸೋಸಿಯೇಟ್’ಗಳನ್ನು ಅವು ಮೊದಲ ವರ್ಷ ಮುಗಿಯುವ ಆಸುಪಾಸಿನಲ್ಲೇ ಆರಿಸಿಕೊಳ್ಳುತ್ತವೆ. ಕೆಲವು ಫರ್ಮ್‌ಗಳು ಈಚೆಗೆ ಇನ್ನೂ ಮುಂಚೆಯೇ ಅರ್ಜಿ ತೆಗೆದುಕೊಳ್ಳುತ್ತಿವೆ. ಆ ಬೇಸಿಗೆ ಸರಿಯಾಗಿ ನಡೆದರೆ ಕಾಯಂ ಕೆಲಸ ಅಲ್ಲೇ ಸಿಗುತ್ತದೆ. ಹೊಸಬರಿಗೆ 2,25,000 ಡಾಲರ್ ವಾರ್ಷಿಕ ಸಂಬಳ ಕೊಡುವ ಫರ್ಮ್‌ಗಳ ಬಾಗಿಲು ತೆರೆಯುವುದೋ ಮುಚ್ಚುವುದೋ ಒಂದು ಇಲ್ಲವೇ ಎರಡು ಸೆಮಿಸ್ಟರಿನ ಗ್ರೇಡುಗಳ ಮೇಲೆ.

ಆದ್ದರಿಂದ ಮಗಳು ಈಗ ಯೋಚಿಸಬೇಕಾದದ್ದು ಮೂರು ವರ್ಷದ ಆಚೆಗಿರುವ ಲ್ಯಾಟಿನ್ ಪದಗಳ ಬಗ್ಗೆ ಅಲ್ಲ, ಈ ವರ್ಷದ ಕಾಂಟ್ರಾಕ್ಟ್ಸ್, ಟಾರ್ಟ್ಸ್, ಸಿವಿಲ್ ಪ್ರೊಸೀಜರ್ ಪರೀಕ್ಷೆಗಳ ಬಗ್ಗೆ.

ಕೊನೆಯ ಗೌರವವನ್ನು ಗಮನಿಸಿ ನೋಡುವವರೂ ಇದ್ದಾರೆ. ಮೊದಲನೆಯವರು ನ್ಯಾಯಾಧೀಶರು. ಅವರ ಬಳಿ ಒಂದೆರಡು ವರ್ಷ ಸಂಶೋಧನೆ ಮಾಡಿ ತೀರ್ಪಿನ ಕರಡು ಬರೆಯುವ ಹುದ್ದೆಗೆ ಕ್ಲರ್ಕ್‌ಶಿಪ್ ಎನ್ನುತ್ತಾರೆ. ಹೆಸರು ಕೇಳಿ ಗುಮಾಸ್ತಿಕೆ ಎಂದುಕೊಳ್ಳಬೇಡಿ, ಆ ದೇಶದಲ್ಲಿ ಹೊಸ ವಕೀಲರಿಗೆ ಇದಕ್ಕಿಂತ ಮಾನದ ಆರಂಭ ಕಡಿಮೆ. ಪದವಿ ಮುಗಿದು ಒಂದೆರಡು ವರ್ಷವಾದವರನ್ನೂ ಅದಕ್ಕೆ ತೆಗೆದುಕೊಳ್ಳುವುದರಿಂದ ಅಂತಿಮ ಗೌರವ ಅಲ್ಲಿ ಎದ್ದು ಕಾಣುತ್ತದೆ. ಎರಡನೆಯದು ಕಾನೂನು ಬೋಧನೆ. ಮೂರನೆಯದು ಬಾರ್ ಪರೀಕ್ಷೆಯ (ವಕೀಲಿ ಪರವಾನಗಿಯ ಪರೀಕ್ಷೆ) ಫಲಿತಾಂಶ ಬಂದ ಮೇಲೆ ಜನ ತೆಗೆದುಕೊಳ್ಳುವ ಸಣ್ಣ, ಮಧ್ಯಮ ಫರ್ಮ್‌ಗಳು.

ಮೊದಲ ವರ್ಷದ ಗ್ರೇಡೇ ಮುಖ್ಯ ಎನ್ನುತ್ತಾರೆ. ಹಗಲೂ ರಾತ್ರಿ ಓದಿಯೂ ಮೊದಲ ಸೆಮಿಸ್ಟರಿನಲ್ಲಿ ಬಿ ಪ್ಲಸ್ ದಾಟಲಿಲ್ಲ. ಎಲ್ಲಿ ತಪ್ಪಿದೆ?

ಬಹುಶಃ ಓದಿದ್ದರಲ್ಲಿ ಅಲ್ಲ, ಓದಿದ್ದನ್ನು ಬಳಸಿದ್ದರಲ್ಲಿ. ಮೊದಲ ವರ್ಷದ ಬಹುತೇಕ ವಿಷಯಗಳಲ್ಲಿ ಇಡೀ ಗ್ರೇಡು ಮೂರು ನಾಲ್ಕು ಗಂಟೆಯ ಒಂದೇ ಪರೀಕ್ಷೆಯ ಮೇಲೆ ನಿಂತಿರುತ್ತದೆ. ಉತ್ತರದ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಹಾಗಾಗಿ ತರಗತಿಯಲ್ಲಿ ಚೆನ್ನಾಗಿ ಮಾತಾಡಿದ್ದಕ್ಕೆ ಅಂಕ ಸೇರುವುದು ಅಪರೂಪ. ಜೊತೆಗೆ ಕರ್ವ್ ಇದೆ: ಎ ಎಷ್ಟು ಜನಕ್ಕೆ, ಸರಾಸರಿ ಎಲ್ಲಿ ಎಂಬುದನ್ನು ಶಾಲೆ ಮೊದಲೇ ಗೊತ್ತುಮಾಡಿರುತ್ತದೆ. ನಿಮ್ಮ ಉತ್ತರ ಚೆನ್ನಾಗಿದ್ದರೆ ಸಾಲದು, ಪಕ್ಕದವರದಕ್ಕಿಂತ ಚೆನ್ನಾಗಿರಬೇಕು. ಬಿ ಪ್ಲಸ್ ಆಸುಪಾಸಿನಲ್ಲೇ ಸರಾಸರಿ ಇಟ್ಟಿರುವ ಶಾಲೆಗಳು ಬಹಳ. ಅಂಥ ಕಡೆ ನೀವು ಸೋತಿಲ್ಲ, ನಡುವೆ ಇದ್ದೀರಿ.

ಸಾಮಾನ್ಯವಾಗಿ ಆಗುವ ತಪ್ಪು ಹೀಗೆ. ನವೆಂಬರ್ ಕೊನೆಯವರೆಗೂ ಒಂದೊಂದು ಕೇಸಿನ ಸಾರಾಂಶ ಬರೆಯುತ್ತ ಕೂರುತ್ತಾರೆ. ಪರೀಕ್ಷೆಯಲ್ಲಿ ಕೇಸಿನ ಕಥೆ ಯಾರೂ ಕೇಳುವುದಿಲ್ಲ. ಎರಡು ಪುಟದ ಕಲ್ಪಿತ ಘಟನೆ ಕೊಟ್ಟು, ಯಾರು ಯಾರ ಮೇಲೆ ಏನೇನು ದಾವೆ ಹೂಡಬಹುದು, ಎದುರಿನವರ ವಾದವೇನು ಎಂದು ಕೇಳುತ್ತಾರೆ. ಅಂಕವಿರುವುದು ಎಷ್ಟು ಪ್ರಶ್ನೆಗಳನ್ನು ಗುರುತಿಸಿದಿರಿ, ಪ್ರತಿಯೊಂದಕ್ಕೂ ನಿಯಮವನ್ನು ಘಟನೆಯ ವಿವರಕ್ಕೆ ಹೇಗೆ ಹೊಂದಿಸಿದಿರಿ ಎಂಬುದಕ್ಕೆ. ‘ಇದು ನಿರ್ಲಕ್ಷ್ಯ’ ಎಂದು ಒಂದೇ ಸಾಲಿನಲ್ಲಿ ತೀರ್ಮಾನ ಬರೆದು ಮುಂದೆ ಹೋದವರಿಗೆ ಅಂಕ ಸಿಗುವುದಿಲ್ಲ. ಎರಡೂ ಕಡೆ ವಾದಿಸಿ, ಯಾವುದು ಗೆಲ್ಲಬಹುದು, ಏಕೆ ಎಂದು ಹೇಳಿದವರಿಗೆ ಸಿಗುತ್ತದೆ.

ಮುಂದಿನ ಸೆಮಿಸ್ಟರಿಗೆ ಹೀಗೆ ಮಾಡಿ. ಆರನೇ ವಾರದಿಂದಲೇ ಪ್ರತಿ ವಿಷಯಕ್ಕೂ ಸ್ವಂತ ಔಟ್‌ಲೈನ್ (ನಿಯಮಗಳ ಸಾರಪಟ್ಟಿ) ಶುರುಮಾಡಿ. ಬೇರೆಯವರದನ್ನು ಹೋಲಿಸಿ ನೋಡಲು ಇಟ್ಟುಕೊಳ್ಳಬಹುದು, ಅದನ್ನೇ ನೆಚ್ಚಬಾರದು. ಆ ಪ್ರೊಫೆಸರರ ಹಳೆಯ ಪ್ರಶ್ನೆಪತ್ರಿಕೆಗಳು ಲೈಬ್ರರಿಯಲ್ಲಿವೆಯೇ ಎಂದು ವಿಚಾರಿಸಿ. ಕನಿಷ್ಠ ನಾಲ್ಕನ್ನು ಗಡಿಯಾರ ಎದುರಿಟ್ಟುಕೊಂಡು ಪೂರ್ತಿ ಬರೆಯಿರಿ, ಇಬ್ಬರು ಮೂವರು ಸೇರಿ ಒಬ್ಬರದನ್ನೊಬ್ಬರು ತಿದ್ದಿ. ಅದಕ್ಕೂ ಮೊದಲು, ಈ ವಾರವೇ, ಪ್ರೊಫೆಸರರ ಸಮಯ ಕೇಳಿ ನಿಮ್ಮ ಹಳೆಯ ಉತ್ತರಪತ್ರಿಕೆಯನ್ನು ಅವರ ಮುಂದಿಟ್ಟುಕೊಂಡು ನೋಡಿ. ನಾಚಿಕೊಂಡು ಇದೊಂದನ್ನು ಬಿಡುವವರೇ ಹೆಚ್ಚು. ಇಷ್ಟು ಪ್ರಯೋಜನದ ಅರ್ಧ ಗಂಟೆ ಆ ವರ್ಷದಲ್ಲಿ ಬೇರೆ ಇಲ್ಲ.

ಒಂದು ಶಾಲೆಯಲ್ಲಿ ಲ್ಯಾಟಿನ್ ಗೌರವ, ಇನ್ನೊಂದರಲ್ಲಿ ಯಾರದೋ ಹೆಸರಿನ ‘ಸ್ಕಾಲರ್’, ಮತ್ತೊಂದರಲ್ಲಿ ಏನೂ ಇಲ್ಲ. ಹೋಲಿಸುವುದು ಹೇಗೆ?

ಹೆಸರನ್ನಲ್ಲ, ಅದರ ಹಿಂದಿನ ಪ್ರಮಾಣವನ್ನು ಹೋಲಿಸಬೇಕು. ಹಾರ್ವರ್ಡ್‌ನಲ್ಲಿ ಮ್ಯಾಗ್ನಾ ಎಂದರೆ ಸುಮಾರಾಗಿ ತರಗತಿಯ ಮೇಲಿನ ಶೇ. 10, ಕುಮ್ ಲೌಡೆ ಅದರ ನಂತರದ ಶೇ. 30. ಷಿಕಾಗೋದಲ್ಲಿ ಗ್ರೇಡುಗಳೇ ವಿಚಿತ್ರ, 155ರಿಂದ 186ರವರೆಗಿನ ಅಂಕಿ. ಅಲ್ಲಿ ಒಟ್ಟು ಸರಾಸರಿ 179 ಇದ್ದರೆ ಆನರ್ಸ್, 180.5ಕ್ಕೆ ಹೈ ಆನರ್ಸ್, 182ಕ್ಕೆ ಹೈಯೆಸ್ಟ್ ಆನರ್ಸ್. ಗೊತ್ತಿಲ್ಲದವರಿಗೆ 177ಕ್ಕೂ 179ಕ್ಕೂ ಏನು ಮಹಾ ವ್ಯತ್ಯಾಸ ಅನಿಸುತ್ತದೆ. ಆದರೆ 177 ತರಗತಿಯ ನಡುಮಟ್ಟ, ಆ ಎರಡು ಅಂಕದಲ್ಲಿ ಬಹಳಷ್ಟು ಜನ ಹಿಂದೆ ಬೀಳುತ್ತಾರೆ.

ಕೊಲಂಬಿಯಾದಲ್ಲಿ ಪದವಿಯ ಕೊನೆಗಲ್ಲ, ವರ್ಷವರ್ಷವೂ ಗೌರವ ಕೊಡುತ್ತಾರೆ: ಗ್ರೇಡುಗಳ ಸರಾಸರಿ (ಎ ಎಂದರೆ 4) 3.8 ಮುಟ್ಟಿದವರು ಜೇಮ್ಸ್ ಕೆಂಟ್ ಸ್ಕಾಲರ್, 3.41 ಮುಟ್ಟಿದವರು ಹಾರ್ಲನ್ ಫಿಸ್ಕ್ ಸ್ಟೋನ್ ಸ್ಕಾಲರ್. ಎರಡರ ನಡುವೆ ಬಹಳ ಅಂತರವಿದೆ, ನೇಮಕ ಮಾಡುವವರಿಗೆ ಅದು ಬಾಯಿಪಾಠ. ಬರ್ಕ್ಲಿಯಲ್ಲಿ ಎ, ಬಿ ಇಲ್ಲ. ಮೊದಲ ವರ್ಷದಲ್ಲಿ ಶೇ. 10 ಮಂದಿಗೆ ಹೈ ಆನರ್ಸ್, ಮುಂದಿನ ಶೇ. 30 ಮಂದಿಗೆ ಆನರ್ಸ್, ಉಳಿದವರಿಗೆ ಪಾಸ್. ಯೇಲ್‌ನಲ್ಲಿ ಮೊದಲ ಸೆಮಿಸ್ಟರಿಗೆ ಬರೀ ಪಾಸು ಫೇಲು, ಆಮೇಲೆ ಆನರ್ಸ್, ಪಾಸ್, ಲೋ ಪಾಸ್. ರ‍್ಯಾಂಕ್ ಕೊಡುವುದೇ ಇಲ್ಲ.

ಗೌರವವೇ ಇಲ್ಲದ ಶಾಲೆಯಲ್ಲಿ ಓದಿದ್ದಕ್ಕೆ ನಷ್ಟವೇನಿಲ್ಲ. ಅಂಥ ಕಡೆ ತೂಕವೆಲ್ಲ ಪ್ರೊಫೆಸರರ ಶಿಫಾರಸು ಪತ್ರಕ್ಕೂ ಬರಹಕ್ಕೂ ಹೋಗುತ್ತದೆ. ಆದ್ದರಿಂದ ಎರಡನೇ ವರ್ಷದೊಳಗೆ ಇಬ್ಬರು ಪ್ರೊಫೆಸರರಾದರೂ ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡಿರಬೇಕು.

‘ಆರ್ಡರ್ ಆಫ್ ದ ಕಾಯ್ಫ್’ ಎಂದರೇನು? ಅರ್ಜಿ ಹಾಕಬೇಕೇ?

ಅರ್ಜಿ ಇಲ್ಲ, ಅವರೇ ಆರಿಸುತ್ತಾರೆ. 1902ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ ಸಂಘ ಇದು. ಇಂಗ್ಲೆಂಡಿನ ಹಿರಿಯ ವಕೀಲರು ತೊಡುತ್ತಿದ್ದ ಬಿಳಿ ಕುಲಾವಿಯ ಹೆಸರೇ ಕಾಯ್ಫ್. ಸದಸ್ಯತ್ವ ಇರುವ ಶಾಲೆಗಳಲ್ಲಿ ಜೆ.ಡಿ. ಮುಗಿಸಿದ ಮೇಲಿನ ಶೇ. 10 ಮಂದಿಗೆ ಮಾತ್ರ. ಹಾರ್ವರ್ಡ್, ಕೊಲಂಬಿಯಾಗಳಲ್ಲಿ ಶಾಖೆ ಇಲ್ಲ, ಅಲ್ಲಿಯವರ ಬಯೋಡೇಟಾದಲ್ಲಿ ಕಾಣದಿದ್ದರೆ ಆಶ್ಚರ್ಯ ಬೇಡ. ಒಂದು ಷರತ್ತು ಹಲವರನ್ನು ಕೊನೆಗಳಿಗೆಯಲ್ಲಿ ಕೆಡವುತ್ತದೆ: ಓದಿನ ಕನಿಷ್ಠ ಶೇ. 75 ಭಾಗ ಗ್ರೇಡ್ ಇರುವ ಕೋರ್ಸುಗಳಲ್ಲೇ ಆಗಿರಬೇಕು. ಪಾಸ್-ಫೇಲ್ ಎಕ್ಸ್‌ಟರ್ನ್‌ಶಿಪ್ (ಹೊರಗಿನ ಕಚೇರಿಯಲ್ಲಿ ಕಲಿಕೆ), ಕ್ಲಿನಿಕ್ (ನಿಜವಾದ ಕಕ್ಷಿದಾರರ ಕೆಲಸದ ಕೋರ್ಸು), ಜರ್ನಲ್ ಕ್ರೆಡಿಟ್ ಎಲ್ಲ ಒಟ್ಟುಗೂಡಿಸಿ 85 ಕ್ರೆಡಿಟ್‌ನಲ್ಲಿ 25 ದಾಟಿದರೆ ಗ್ರೇಡ್ ಇರುವ ಭಾಗ ಶೇ. 71ಕ್ಕೂ ಕೆಳಗೆ ಇಳಿಯುತ್ತದೆ, ಮೊದಲ ರ‍್ಯಾಂಕ್ ಇದ್ದರೂ ಕೈತಪ್ಪುತ್ತದೆ. ಎರಡನೇ ವರ್ಷದ ಕೋರ್ಸು ಆರಿಸುವಾಗಲೇ ರಿಜಿಸ್ಟ್ರಾರ್ ಕಚೇರಿಯಲ್ಲಿ ಲೆಕ್ಕ ಹಾಕಿಸಿಕೊಳ್ಳಿ.

ಮೊದಲ ವರ್ಷದ ನಂತರ ಬೇರೆ ಶಾಲೆಗೆ ವರ್ಗವಾಗುವವರೂ ಇಲ್ಲಿ ಎಡವುತ್ತಾರೆ. ಹೊಸ ಶಾಲೆ ಸಾಮಾನ್ಯವಾಗಿ ಹಳೆಯದರ ಕ್ರೆಡಿಟ್ ಒಪ್ಪುತ್ತದೆ, ಗ್ರೇಡ್ ಒಪ್ಪುವುದಿಲ್ಲ. ಹೋಗುವ ಮೊದಲು ಗೌರವದ ನಿಯಮವನ್ನು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಒಂದು ಶಾಲೆ ಅರ್ಧ ಶುಲ್ಕ ಬಿಡುತ್ತೇವೆ ಎಂದಿದೆ. ಷರತ್ತು: ಪ್ರತಿ ವರ್ಷ ಸರಾಸರಿ 3.0 ಇರಬೇಕು. ಮಗ ಪದವಿಯಲ್ಲಿ 3.8 ತೆಗೆದವನು. ಒಪ್ಪಿಕೊಳ್ಳಬಹುದಲ್ಲವೇ?

ಆ ಶಾಲೆಯ ಕರ್ವ್ ಎಲ್ಲಿದೆ ಎಂದು ತಿಳಿಯದೆ ಸಹಿ ಹಾಕಬೇಡಿ. ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದೇ.

ಪದವಿಯಲ್ಲಿ 3.0 ಎಂದರೆ ಸುಲಭದ ಗೆರೆ. ಲಾ ಸ್ಕೂಲಿನಲ್ಲಿ ಹಾಗಲ್ಲ. ಮೊದಲ ವರ್ಷದ ಸರಾಸರಿಯನ್ನು 2.8ಕ್ಕೆ ಕಟ್ಟಿಹಾಕಿರುವ ಶಾಲೆ ಎಂದು ಇಟ್ಟುಕೊಳ್ಳಿ. ಅಲ್ಲಿ 3.0 ಮುಟ್ಟುವುದೆಂದರೆ ಸರಾಸರಿಗಿಂತ ಸಾಕಷ್ಟು ಮೇಲಿರುವುದು. ಎಲ್ಲರೂ ಎಷ್ಟೇ ಓದಿದರೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಗೆರೆಯ ಕೆಳಗೆ ಬೀಳುತ್ತಾರೆ. ವಿದ್ಯಾರ್ಥಿವೇತನ ಪಡೆದವರೆಲ್ಲ ಒಂದೇ ಸೆಕ್ಷನ್‌ನಲ್ಲಿ ಕೂತರೆ ಗೆರೆ ಇನ್ನೂ ದೂರವಾಗುತ್ತದೆ. ಹಿಂದೆ ಚೆನ್ನಾಗಿ ಓದಿದ್ದಾನೆ ಎನ್ನುವುದು ಇಲ್ಲಿ ರಕ್ಷಣೆಯಲ್ಲ. ಸುತ್ತ ಕೂತವರೆಲ್ಲ ಹಾಗೆಯೇ ಓದಿಬಂದವರು.

ವಿದ್ಯಾರ್ಥಿವೇತನ ತಪ್ಪಿದರೆ ಎರಡನೇ, ಮೂರನೇ ವರ್ಷಕ್ಕೆ ಪೂರ್ಣ ಶುಲ್ಕ. ಆ ಹೊತ್ತಿಗೆ ಬಿಟ್ಟು ಬರಲೂ ಆಗುವುದಿಲ್ಲ, ಗ್ರೇಡು ನಡುಮಟ್ಟದಲ್ಲಿರುವುದರಿಂದ ಒಳ್ಳೆಯ ಶಾಲೆಗೆ ವರ್ಗವಾಗುವುದೂ ಕಷ್ಟ.

ಪರಿಶೀಲಿಸುವ ದಾರಿ ಇದೆ. ಅಮೆರಿಕನ್ ಬಾರ್ ಅಸೋಸಿಯೇಷನ್‌ನ 509ನೇ ಮಾನದಂಡದ ಪ್ರಕಾರ, ಷರತ್ತಿನ ವಿದ್ಯಾರ್ಥಿವೇತನ ಕೊಡುವ ಶಾಲೆ ಎಷ್ಟು ಮಂದಿಗೆ ಕೊಟ್ಟಿತು, ಅವರಲ್ಲಿ ಎಷ್ಟು ಮಂದಿ ಕಳೆದುಕೊಂಡರು ಅಥವಾ ಕಡಿತವಾಯಿತು ಎಂಬುದನ್ನು ವರ್ಷವರ್ಷ ಪ್ರಕಟಿಸಲೇಬೇಕು. ಶಾಲೆಯ ವೆಬ್‌ಸೈಟಿನಲ್ಲಿ ಆ ಪಟ್ಟಿಯನ್ನು ಹುಡುಕಿ ಮೂರು ವರ್ಷದ ಅಂಕಿ ನೋಡಿ. ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಕಳೆದುಕೊಂಡಿದ್ದರೆ ಆ ಹಣ ಮೊದಲ ವರ್ಷಕ್ಕೆ ಮಾತ್ರ ಎಂದುಕೊಂಡೇ ಸಾಲದ ಲೆಕ್ಕ ಹಾಕಿ. ಆಮೇಲೆ ಪ್ರವೇಶ ಕಚೇರಿಗೆ ಬರೆಯಿರಿ: ಷರತ್ತನ್ನು ‘ತೃಪ್ತಿಕರ ಪ್ರಗತಿ’ಗೆ ಇಳಿಸಬಹುದೇ ಎಂದು. ಬೇರೆ ಶಾಲೆ ಷರತ್ತಿಲ್ಲದೆ ಕೊಟ್ಟ ಪತ್ರ ಇದ್ದರೆ ಜೊತೆಗೆ ಲಗತ್ತಿಸಿ. ಹೀಗೆ ಕೇಳುವುದು ಅಲ್ಲಿ ರೂಢಿ, ಅಸಭ್ಯತೆಯಲ್ಲ. ಹಣದ ಠೇವಣಿ ಕಟ್ಟುವ ಮೊದಲೇ ಕೇಳಬೇಕು.

ಹೆಸರುವಾಸಿ ಶಾಲೆಯಲ್ಲಿ ನಡುಮಟ್ಟ ಒಳ್ಳೆಯದೋ, ಸಾಧಾರಣ ಶಾಲೆಯಲ್ಲಿ ಮೊದಲ ಹತ್ತರಲ್ಲಿ ಇರುವುದು ಒಳ್ಳೆಯದೋ?

ಎಲ್ಲಿ ಕೆಲಸ ಮಾಡಬೇಕು ಎಂದು ಮೊದಲು ಹೇಳಿ. ದೇಶದ ಯಾವ ಮೂಲೆಯ ದೊಡ್ಡ ಫರ್ಮ್ ಆದರೂ ಸರಿ ಎನ್ನುವವರಿಗೆ ಹೆಸರುವಾಸಿ ಶಾಲೆಯ ನಡುಮಟ್ಟವೇ ಭದ್ರ. ಅಂಥ ಫರ್ಮ್‌ಗಳು ಆ ಶಾಲೆಗಳಲ್ಲಿ ತರಗತಿಯ ಅರ್ಧದವರೆಗೂ ಇಳಿದು ಆರಿಸುತ್ತವೆ, ಉಳಿದ ಕಡೆ ಮೇಲಿನ ಶೇ. 5, ಶೇ. 10ಕ್ಕೆ ನಿಲ್ಲಿಸುತ್ತವೆ. ಆದರೆ ಒಂದೇ ರಾಜ್ಯದಲ್ಲಿ ನೆಲೆಸಿ ವಕೀಲಿ ಮಾಡುವವರಿಗೆ ಆ ರಾಜ್ಯದ ಶಾಲೆಯ ಮ್ಯಾಗ್ನಾ ಬಹಳ ದೂರ ಒಯ್ಯುತ್ತದೆ. ಅಲ್ಲಿನ ನ್ಯಾಯಾಧೀಶರೂ ಫರ್ಮ್ ಪಾಲುದಾರರೂ ಅದೇ ಶಾಲೆಯವರಾಗಿರುವುದು ಸಾಮಾನ್ಯ, ಆ ಗ್ರೇಡಿನ ಹಿಂದಿನ ಶ್ರಮ ಅವರಿಗೆ ಗೊತ್ತು.

ಒಂದು ಮಾತು ಮಾತ್ರ ನೆನಪಿರಲಿ. ‘ಅಲ್ಲಿ ಸೇರಿದರೆ ಮೊದಲ ಹತ್ತರಲ್ಲಿ ಬರುತ್ತೇನೆ’ ಎಂಬುದನ್ನು ಖಚಿತವೆಂದು ಹಿಡಿದು ಶಾಲೆ ಆರಿಸಬಾರದು. ಕರ್ವ್ ಯಾರಿಗೂ ಮಾತು ಕೊಟ್ಟಿರುವುದಿಲ್ಲ.

ಲಾ ರಿವ್ಯೂ, ಮೂಟ್ ಕೋರ್ಟ್, ಕಾಲಿ ಪ್ರಶಸ್ತಿ, ಡೀನ್ಸ್ ಲಿಸ್ಟ್. ಯಾವುದಕ್ಕೆ ಸಮಯ ಕೊಡಲಿ?

ಗ್ರೇಡಿನ ನಂತರ ಲಾ ರಿವ್ಯೂ, ಅನುಮಾನವಿಲ್ಲದೆ. ವಿದ್ಯಾರ್ಥಿಗಳೇ ಸಂಪಾದಿಸುವ ಕಾನೂನು ನಿಯತಕಾಲಿಕ ಇದು. ಹಾರ್ವರ್ಡ್‌ನದು 1887ರಿಂದ ನಡೆದುಬಂದಿದೆ. ಗ್ರೇಡಿನಿಂದ ಸೇರಲಾಗದವರಿಗೂ ‘ರೈಟ್-ಆನ್’ ಸ್ಪರ್ಧೆಯ ದಾರಿ ಇರುತ್ತದೆ: ಮೊದಲ ವರ್ಷದ ಪರೀಕ್ಷೆ ಮುಗಿದ ಬೆನ್ನಿಗೇ ಒಂದು ಕಟ್ಟು ತೀರ್ಪು, ಲೇಖನ ಕೊಟ್ಟು, ಕೆಲವು ದಿನದೊಳಗೆ ಟಿಪ್ಪಣಿ ಬರೆಯಿಸಿ, ಉಲ್ಲೇಖಗಳನ್ನು ತಿದ್ದಿಸುತ್ತಾರೆ. ಪರೀಕ್ಷೆಯ ಸುಸ್ತಿನಲ್ಲಿ ಅರ್ಧ ಮಂದಿ ಉಲ್ಲೇಖದ ಭಾಗವನ್ನು ಅಸಡ್ಡೆ ಮಾಡುತ್ತಾರೆ. ‘ಬ್ಲೂಬುಕ್’ (ಉಲ್ಲೇಖ ಬರೆಯುವ ಕ್ರಮದ ಕೈಪಿಡಿ) ನಿಯಮಗಳನ್ನು ಏಪ್ರಿಲ್‌ನಲ್ಲೇ ಕೈಗೆ ಒಗ್ಗಿಸಿಕೊಂಡವರಿಗೆ ಸುಲಭದ ಅಂಕ ಇರುವುದು ಅಲ್ಲೇ.

ಮೂಟ್ ಕೋರ್ಟ್ (ಕಲ್ಪಿತ ಮೊಕದ್ದಮೆಯ ವಾದಸ್ಪರ್ಧೆ) ನ್ಯಾಯಾಲಯದಲ್ಲಿ ವಾದಿಸಬೇಕೆನ್ನುವವರಿಗೆ. ಕಾಲಿ ಪ್ರಶಸ್ತಿ ಒಂದು ಕೋರ್ಸಿನಲ್ಲಿ ಅತಿ ಹೆಚ್ಚು ಗ್ರೇಡ್ ಪಡೆದವರಿಗೆ. ಒಟ್ಟು ಸರಾಸರಿ ಸಾಧಾರಣ ಇದ್ದರೂ ತೆರಿಗೆ ಕಾನೂನಿನಲ್ಲಿ ಅದು ಬಂದಿದ್ದರೆ ತೆರಿಗೆ ಫರ್ಮ್‌ಗೆ ಅದನ್ನೇ ಮುಂದಿಡಿ. ಡೀನ್ಸ್ ಲಿಸ್ಟ್, ಅಂದರೆ ಒಳ್ಳೆಯ ಗ್ರೇಡು ಪಡೆದವರ ಪಟ್ಟಿ, ಶಾಲೆಯಿಂದ ಶಾಲೆಗೆ ಬದಲಾಗುವುದರಿಂದ ತೂಕ ಕಡಿಮೆ.

ಒಂದು ವರ್ಷದ ಎಲ್‌ಎಲ್.ಎಂ.ಗೆ ಹೊರಟಿದ್ದೇನೆ. ಗೌರವ ಪಡೆಯಲು ಸುಲಭದ ಕೋರ್ಸು ಆರಿಸಬಹುದೇ?

ನ್ಯೂಯಾರ್ಕ್ ಬಾರ್ ಪರೀಕ್ಷೆ ಬರೆಯುವ ಯೋಚನೆ ಇದ್ದರೆ ಮೊದಲು ಅದರ ಪಟ್ಟಿ ನೋಡಿ. ಹೊರದೇಶದಲ್ಲಿ ಕಾನೂನು ಓದಿದವರಿಗೆ ಎಲ್‌ಎಲ್.ಎಂ. ಮೂಲಕ ಅರ್ಹತೆ ಬೇಕಿದ್ದರೆ ಕನಿಷ್ಠ 24 ಕ್ರೆಡಿಟ್ ಆಗಬೇಕು. ಅದರಲ್ಲಿ ವೃತ್ತಿ ನೀತಿಗೆ 2, ಕಾನೂನು ಸಂಶೋಧನೆ ಮತ್ತು ಬರವಣಿಗೆಗೆ 2, ಅಮೆರಿಕದ ಕಾನೂನು ವ್ಯವಸ್ಥೆಯ ಪರಿಚಯಕ್ಕೆ 2, ಬಾರ್ ಪರೀಕ್ಷೆಗೆ ಬರುವ ವಿಷಯಗಳಿಗೆ 6. ಸರಾಸರಿ ಏರಿಸಲು ಸೆಮಿನಾರುಗಳನ್ನೇ ತುಂಬಿಕೊಂಡು, ಕೊನೆಗೆ ಎರಡು ಕ್ರೆಡಿಟ್ ಕಡಿಮೆ ಬಿದ್ದು ಪರೀಕ್ಷೆಗೆ ಕೂರಲಾಗದಿದ್ದರೆ ಆ ಗೌರವ ಯಾವ ಉಪಯೋಗಕ್ಕೂ ಬಾರದು.

ಎಲ್‌ಎಲ್.ಎಂ. ಓದುವವರ ಉದ್ಯೋಗ ಸಂದರ್ಶನಗಳು ಬಹುಪಾಲು ವರ್ಷದ ನಡುವೆಯೇ ನಡೆಯುತ್ತವೆ. ಆಗ ಕೈಯಲ್ಲಿರುವುದು ಹೆಚ್ಚೆಂದರೆ ಒಂದು ಸೆಮಿಸ್ಟರಿನ ಗ್ರೇಡು. ಹಾಗಾಗಿ ಫರ್ಮ್‌ಗಳು ನಿಮ್ಮ ಹಿಂದಿನ ವಕೀಲಿ ಅನುಭವವನ್ನೇ ಹೆಚ್ಚು ತೂಗುತ್ತವೆ. ಸ್ಟೋನ್ ಸ್ಕಾಲರ್‌ನಂಥದ್ದು ಎಲ್‌ಎಲ್.ಎಂ.ನವರಿಗೂ ಸಿಗುತ್ತದೆ. ಸಿಕ್ಕರೆ ತಾಯ್ನಾಡಿಗೆ ಮರಳಿದ ಮೇಲೂ ಉಪಯೋಗ. ಕಾಯ್ಫ್ ಮಾತ್ರ ಜೆ.ಡಿ.ಯವರಿಗಷ್ಟೇ.

ಗೌರವ, ಲಾ ರಿವ್ಯೂ ಎರಡೂ ಇದ್ದು ಕೆಲಸ ಸಿಗದಿರುವುದು ಉಂಟೇ?

ಉಂಟು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್ 1959ರಲ್ಲಿ ಕೊಲಂಬಿಯಾದಿಂದ ಹೊರಬಂದಾಗ ತರಗತಿಯಲ್ಲಿ ಮೊದಲ ಸ್ಥಾನವನ್ನು ಹಂಚಿಕೊಂಡಿದ್ದರು. ಹಾರ್ವರ್ಡ್, ಕೊಲಂಬಿಯಾ ಎರಡರ ಲಾ ರಿವ್ಯೂನಲ್ಲೂ ಇದ್ದವರು. ಆದರೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕ್ಲರ್ಕ್ ಆಗಿ ತೆಗೆದುಕೊಳ್ಳಲಿಲ್ಲ. ಕೊನೆಗೆ ಜಿಲ್ಲಾ ನ್ಯಾಯಾಧೀಶ ಪಾಲ್ಮಿಯೆರಿ ಅವರ ಬಳಿ ಅವಕಾಶ ಸಿಕ್ಕಿದ್ದು ಪ್ರೊಫೆಸರ್ ಜೆರಾಲ್ಡ್ ಗುಂಥರ್ ಪಟ್ಟುಹಿಡಿದು ಒತ್ತಾಯಿಸಿದ್ದರಿಂದ. ಅಡ್ಡಬಂದದ್ದು ಹೆಣ್ಣೆಂಬ ಕಾರಣ, ಗ್ರೇಡಲ್ಲ. ಇಂದು ಆ ತಡೆ ಅದೇ ರೂಪದಲ್ಲಿ ಇಲ್ಲದಿದ್ದರೂ, ಫೋನು ತೆಗೆದು ನಿಮ್ಮ ಪರವಾಗಿ ಮಾತಾಡುವ ಒಬ್ಬ ಪ್ರೊಫೆಸರ್ ಬೇಕು ಎನ್ನುವುದು ಬದಲಾಗಿಲ್ಲ.

ಪದವಿ ಮುಗಿದು ಒಂಬತ್ತು ವರ್ಷ. ಯಾವ ಗೌರವವೂ ಇಲ್ಲ. ಫರ್ಮ್ ಬದಲಿಸಲು ತೊಂದರೆಯೇ?

ಅಸೋಸಿಯೇಟ್ ಆಗಿ ದೊಡ್ಡ ಫರ್ಮ್‌ಗೆ ಹೋಗುವುದಾದರೆ ಟ್ರಾನ್ಸ್‌ಕ್ರಿಪ್ಟ್ ಇನ್ನೂ ಕೇಳಬಹುದು. ಕಂಪನಿಯ ಒಳಗಿನ ಕಾನೂನು ವಿಭಾಗ, ಸಣ್ಣ ಫರ್ಮ್, ಸ್ವಂತ ಕಚೇರಿ ಎಲ್ಲಿಯೂ ಈ ಹಂತದಲ್ಲಿ ಅದು ವಿಷಯವಲ್ಲ. ನಡೆಸಿದ ಪ್ರಕರಣಗಳ, ಒಪ್ಪಂದಗಳ ಒಂದು ಪುಟದ ಪಟ್ಟಿ ಮಾಡಿ, ಕಕ್ಷಿದಾರರ ಗುಟ್ಟು ಬಿಡದಂತೆ.

ಸರಾಸರಿ 3.47 ಇದೆ. ಬಯೋಡೇಟಾದಲ್ಲಿ 3.5 ಎಂದು ಹಾಕಬಹುದೇ? ರ‍್ಯಾಂಕ್ ಕೊಡದ ಶಾಲೆಯಾದ್ದರಿಂದ ‘ಸುಮಾರು ಮೇಲಿನ ಶೇ. 15’ ಎನ್ನಬಹುದೇ?

ಎರಡೂ ಬೇಡ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ 3.47 ಇದ್ದರೆ 3.47 ಎಂದೇ ಬರೆಯಿರಿ. ಅದನ್ನು ತರಿಸಿ ನೋಡುವವರಿಗೆ 0.03ರ ವ್ಯತ್ಯಾಸ ದೊಡ್ಡದಲ್ಲ, ಸುಳ್ಳು ದೊಡ್ಡದು. ಬಾರ್ ಸೇರುವಾಗ ನಡತೆಯ ತನಿಖೆ ನಡೆಯುತ್ತದೆ. ವಕೀಲರಾದ ಮೇಲೂ ಅಪ್ರಾಮಾಣಿಕತೆ, ತಪ್ಪು ನಿರೂಪಣೆ ಮಾದರಿ ವೃತ್ತಿ ನಿಯಮ 8.4ರ ಪ್ರಕಾರ ಶಿಸ್ತುಕ್ರಮಕ್ಕೆ ಒಳಗಾಗುವ ತಪ್ಪು. ಶಾಲೆ ರ‍್ಯಾಂಕ್ ಕೊಡದಿದ್ದರೆ ನೀವು ಅಂದಾಜು ಮಾಡುವಂತಿಲ್ಲ. ಶಾಲೆಯೇ ‘ಶೇ. 15ರ ಗಡಿ ಇಷ್ಟು’ ಎಂದು ಪ್ರಕಟಿಸಿದ್ದರೆ ಮಾತ್ರ ಹೇಳಬಹುದು.

ಬರೆಯುವ ಕ್ರಮ: ಪದವಿಯ ಸಾಲಿನಲ್ಲೇ ಲ್ಯಾಟಿನ್ ಗೌರವ, ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ (ಲೋವರ್‌ಕೇಸ್), ಓರೆಯಾಗಿ (ಇಟಾಲಿಕ್). ಕೆಳಗೆ ಸರಾಸರಿ, ರ‍್ಯಾಂಕ್ ಇದ್ದರೆ ‘198ರಲ್ಲಿ 12, ನಾಲ್ಕು ಸೆಮಿಸ್ಟರಿನ ನಂತರ’ ಎಂಬಂತೆ. ವರ್ಷವರ್ಷ ಕೊಡುವ ಗೌರವಕ್ಕೆ ವರ್ಷ ಹಾಕಲೇಬೇಕು, ಒಂದು ವರ್ಷ ಬಂದದ್ದನ್ನು ಮೂರೂ ವರ್ಷದ್ದು ಎಂಬಂತೆ ತೋರಿಸಬಾರದು. ಹೊರಗಿನವರಿಗೆ ಗೊತ್ತಿರದ ಹೆಸರಿದ್ದರೆ ಪಕ್ಕದಲ್ಲೇ ಅರ್ಥ: ‘ತರಗತಿಯ ಮೇಲಿನ ಶೇ. 10ಕ್ಕೆ’. ಸರಾಸರಿ ನಡುಮಟ್ಟಕ್ಕಿಂತ ಕೆಳಗಿದ್ದರೆ ಬಿಡಬಹುದು. ಬಿಟ್ಟಿದ್ದನ್ನು ಓದುವವರು ಗಮನಿಸುತ್ತಾರೆ, ಆದರೆ ಬಿಡುವುದು ತಪ್ಪಲ್ಲ. ಪದವಿ ಇನ್ನೂ ಮುಗಿಯದವರು ‘ಮ್ಯಾಗ್ನಾ ನಿರೀಕ್ಷಿತ’ ಎಂದು ಬರೆಯಬೇಡಿ. ಗ್ರೇಡು ಬರೆಯಿರಿ, ಹೊಸ ಸೆಮಿಸ್ಟರಿನ ಫಲಿತಾಂಶ ಬಂದ ದಿನವೇ ಅದನ್ನು ಬದಲಿಸಿ, ಅರ್ಜಿ ಹಾಕಿದ ಕಡೆಗೆಲ್ಲ ಹೊಸ ಪ್ರತಿ ಕಳಿಸಿ.